ಮಲುಂಗೊ ಎಂದರೆ ಯಾವುದು?

ಯೋತಾಮ್,

ಪ್ರೀತಿಯ ತಮ್ಮನಿಗೆ ಎಂದು ಬರೆಯಲು ಈಗ ಕೈ ಬರುತ್ತಿಲ್ಲ. ನೀನು ಇದೇ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿದ್ದೀಯೆ. ನಿನ್ನ ರಕ್ತ ತೆಗೆದು ಪರೀಕ್ಷಿಸಿದವಳು ನಾನೇ, ಡ್ರಿಪ್ ಹಾಕಿದವಳೂ ನಾನೇ. ಎರಡು ದಿನದಿಂದ ಹೆಸರು ಹಿಡಿದು ಕರೆದರೂ ನೀನು ಓಗೊಡುತ್ತಿಲ್ಲ. ಎದುರಿಗೆ ಬೈಯಲಾಗದೆ ಬರೆಯುತ್ತಿದ್ದೇನೆ.

ಲುವಾಂಗ್ವಾ ಕಾಡಿನಲ್ಲಿ ನಡೆಯಲು ಬರುವ ಪ್ರವಾಸಿಗಳಿಗೆ ನೀನು ಹೇಳುವ ಪಾಠ ನನಗೆ ಕಂಠಪಾಠ. ಸಂಜೆಗೆ ಮುಂಚೆ ತೋಳು ಮುಚ್ಚಿಕೊಳ್ಳಿ. ಮಾತ್ರೆ ತಪ್ಪಿಸಬೇಡಿ. ಆನೆ ಕಂಡರೆ ಓಡಬೇಡಿ, ಸಾಲಾಗಿ ನಿಲ್ಲಿ. ಕೊನೆಗೆ ಆ ತಮಾಷೆ: "ನಮ್ಮ ಮಾತಲ್ಲಿ ಮಲೇರಿಯಾಕ್ಕೂ ಕೀಲುಗಳಿಗೂ ಒಂದೇ ಹೆಸ್ರು, ಮಲುಂಗೊ. ಅದಕ್ಕೇ ಮಂಡಿ ನೋವಾದ್ರೂ ನಂಗೆ ಹೇಳ್ಬಿಡಿ, ನಾಚ್ಕೋಬೇಡಿ."

ನಿನಗೆ ಮಾತ್ರ ಸೊಳ್ಳೆಪರದೆ ಬೇಡ. "ಈ ಕಣಿವೆ ಸೊಳ್ಳೆಗಳು ನನ್ ಜೊತೇಲೇ ಬೆಳೆದಿದ್ದು ಅಕ್ಕಾ, ನನ್ನ ಕಚ್ಚೋಕೆ ನಾಚ್ಕೋತವೆ." ಸೊಳ್ಳೆ ಕಡಿಮೆಯಿರುವ ಲುಸಾಕಾ ನಗರದಲ್ಲಿ ಮೂರು ವರ್ಷ ಇದ್ದು ಬಂದವನ ಮೈ ಹಳೆಯ ಜ್ವರಗಳನ್ನು ಮರೆತಿರುತ್ತದೆ ಎಂದು ಎಷ್ಟು ಸಲ ಹೇಳಿದ್ದೆ! "ಶುರು ಮಾಡಿದ್ಲು ನರ್ಸಮ್ಮ" ಎಂದು ನೀನು ನಕ್ಕೆ.

ಜ್ವರ ಬಂದ ಮೊದಲ ದಿನ ಬಂದೂಕಿನ ಕಾವಲುಗಾರ ಲೈಸನ್ ಕೇಳಿದನಂತೆ, "ಯಾಕಯ್ಯಾ ಕಾಲೆಳೀತಿದ್ದೀಯ?" ನೀನು "ಮಲುಂಗೊ" ಎಂದೆ. "ಮೂವತ್ತಕ್ಕೇ ಮುದುಕ ಆದ್ಯಲ್ಲೋ, ಎಣ್ಣೆ ತಿಕ್ಕೋ!" ಎಂದ ಅವನು. ಕೀಲುನೋವೆಂದು ತಿಳಿದ. ನೀನು ತಿದ್ದಲಿಲ್ಲ, ಜ್ವರವೆಂದರೆ ಮರುದಿನದ ನಡಿಗೆ ರದ್ದಾಗುತ್ತಿತ್ತು. ನೀನು ಸುಳ್ಳು ಹೇಳಲಿಲ್ಲ ಯೋತಾಮ್, ನನ್ನ ಮೈ ಉರಿಯುವುದೇ ಅದಕ್ಕೆ.

ಮೂರನೆಯ ಬೆಳಿಗ್ಗೆ ಆನೆಹಿಂಡಿನ ಎದುರಲ್ಲೇ ನೀನು ಕುಸಿದೆ. ನಿನ್ನನ್ನು ನಂಬಿ ಬಂದವರು ಆರು ಜನ, ಇದ್ದದ್ದು ಒಂದು ಬಂದೂಕು. ಲೈಸನ್ ಅದನ್ನು ಹಿಡಿಯಬೇಕೆ, ನಿನ್ನನ್ನು ಹೊರಬೇಕೆ? ಆ ಆರು ಜನ ಓಡಲಿಲ್ಲ. ನೀನು ಕಲಿಸಿದಂತೆ ಸಾಲಾಗಿ ನಿಂತರು. ಆನೆಗಳು ಹೋದ ಮೇಲೆ ಸರದಿಯಂತೆ ನಿನ್ನನ್ನು ಜೀಪಿನವರೆಗೆ ಹೊತ್ತರು. ಅವರಲ್ಲೊಬ್ಬ ಮುದುಕಿ ಇಲ್ಲಿ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದಳು: "ನಮ್ಗೆಲ್ಲಾ ನೋವಾದ್ರೆ ಹೇಳಿ, ಹೇಳಿ ಅಂತಿದ್ದ. ಅವ್ನು ಯಾರಿಗಮ್ಮಾ ಹೇಳ್ದ?"

ನಾನು ಹತ್ತೇ ಮೈಲಿ ದೂರದಲ್ಲಿದ್ದೆ.

ಈ ಕಾಗದವನ್ನು ನಿನ್ನ ದಿಂಬಿನ ಕೆಳಗಿಡುತ್ತೇನೆ. ಕಣ್ಣು ಬಿಟ್ಟ ಕೂಡಲೇ ಎಲ್ಲಿ ನೋವು ಎಂದು ಕೇಳುತ್ತೇನೆ. ಮಲುಂಗೊ ಎಂದರೆ ಬಿಡುವವಳಲ್ಲ. ಯಾವುದು ಎಂದು ಬಿಡಿಸಿ ಹೇಳಬೇಕು. ಅದನ್ನು ಹೇಳಲಾದರೂ ಏಳು.

ತಣ್ಣಗಿರು ತಮ್ಮಾ. ಈ ಸಲ ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ.

ನಿನ್ನ ಅಕ್ಕ,
ಜೆಲಿಪಾ