ಸ್ಟೂಲ್ ಹತ್ತಿದರೆ ಕಾಣುವ ಸಮುದ್ರ

ಅಖಂಡ ಸೂಜಿದಾರ ಸಾಮ್ರಾಜ್ಯದ ಮಹಾರಾಣಿಯೂ, ಕಾಜಾ-ಗುಂಡಿಗಳ ಪರಮಾಧಿಪತಿಯೂ, ನನ್ನ ಕಿವಿ ಹಿಂಡುವ ಸರ್ವಾಧಿಕಾರ ಹೊಂದಿದವರೂ ಆದ ಶ್ರೀಮತಿ (ಮೂರು ವಾರದಿಂದ) ಅಕ್ಕನವರ ಪಾದಾರವಿಂದಗಳಿಗೆ, ಮನೆಯ ಏಕೈಕ ಪ್ರಜೆಯ ಸಾಷ್ಟಾಂಗ ನಮಸ್ಕಾರಗಳು.

ದಿನಾಂಕ: ಮಂಗಳವಾರ, ನೀನು ಟೈಲರ್ ಅಂಗಡಿಗೆ ಹೋದ ಮೇಲೆ.

ವಿಷಯ: ನವದಂಪತಿಗಳನ್ನು ನಾಲ್ಕು ದಿನ ಗಡೀಪಾರು ಮಾಡುವ ಕುರಿತು.

ಮಧುಚಂದ್ರದ ಮಾತೆತ್ತಿದರೆ ಸಾಕು, "ನಿನ್ನೊಬ್ಬನ್ನೇ ಬಿಟ್ಟು ಎಲ್ಲಿಗೋ ಹೋಗೋದು? ಹಾಲು ಉಕ್ಕಿದ್ರೂ ಗೊತ್ತಾಗಲ್ಲ ನಿಂಗೆ" ಎನ್ನುತ್ತೀಯ. ಭಾವ ಪಾಪ, ನನ್ನ ಮುಖ ನೋಡುತ್ತಾರೆ. ಆದ್ದರಿಂದ ಆಡಳಿತವನ್ನು ನಾನೇ ಕೈಗೆತ್ತಿಕೊಂಡಿದ್ದೇನೆ.

ನೀವು ಹೋಗುವ ಊರು ನಕಾಶೆಯ ಕೊನೆಯಲ್ಲಿದೆ. ಬಸ್ಸು ದಿನಕ್ಕೊಂದೇ, ಅದರಾಚೆ ಬರೀ ನೀರು. ಜನ ಬಾರದ ತಿಂಗಳಾದ್ದರಿಂದ ಬಾಡಿಗೆ ಅರ್ಧ. ಲಾಡ್ಜ್ ನಡೆಸುವ ಅಜ್ಜಿಗೆ ಫೋನು ಮಾಡಿ, ರೂಮಿನಿಂದ ಸಮುದ್ರ ಕಾಣುತ್ತದೆಯೇ ಎಂದು ಕೇಳಿದೆ. "ಕಾಣದೇ ಏನಪ್ಪಾ! ಸ್ಟೂಲ್ ಹತ್ತಿದ್ರೆ ಚೆನ್ನಾಗಿ ಕಾಣುತ್ತೆ" ಎಂದರು. ಸ್ಟೂಲಿಗೆ ಬೇರೆ ಬಾಡಿಗೆಯೇ ಎಂದೆ. "ಹೊಸ ಜೋಡಿಗೆ ಬಿಟ್ಟಿ. ಆದ್ರೆ ಒಬ್ರು ಹತ್ತಿದಾಗ ಇನ್ನೊಬ್ರು ಗಟ್ಟಿಯಾಗಿ ಹಿಡ್ಕೋಬೇಕು. ಒಂದು ಕಾಲು ಅಲ್ಲಾಡುತ್ತೆ" ಎಂದರು. ಆ ಕ್ಷಣವೇ ರೂಮು ಗೊತ್ತುಮಾಡಿಬಿಟ್ಟೆ. ಇಂಥ ವ್ಯವಸ್ಥೆ ಯಾವ ದೊಡ್ಡ ಹೋಟೆಲಿನಲ್ಲಿದೆ ಹೇಳು?

ಭಾವನ ಬಗ್ಗೆ ಒಂದು ಎಚ್ಚರಿಕೆ. ಹನ್ನೊಂದು ವರ್ಷ ಕಂಡಕ್ಟರಾಗಿ ನಿಂತೇ ಊರು ಸುತ್ತಿದವರು. ಕಿಟಕಿ ಪಕ್ಕ ಕೂರಿಸು. ಅಭ್ಯಾಸಬಲದಿಂದ ಎದ್ದು "ಒಳಗೆ ನಡೀರಿ, ಒಳಗೆ ನಡೀರಿ" ಎಂದರೆ ಅಂಗಿ ಹಿಡಿದು ಎಳೆ. ಇಲ್ಲದಿದ್ದರೆ ಅಲ್ಲಿ ಅಲೆಗಳಿಗೂ ಸಾಲಾಗಿ ಬರಲು ಹೇಳಿಯಾರು.

ನಿನ್ನ ನೀಲಿ ಚೀಲವನ್ನು ಅಟ್ಟದಿಂದ ಇಳಿಸಿದ್ದೇನೆ. ಹತ್ತು ವರ್ಷದ ಹಿಂದೆ ಹೊಲಿಗೆ ತರಗತಿಯ ಗೆಳತಿಯರ ಜೊತೆ ಸಮುದ್ರ ನೋಡಲು ಹೊರಟಿದ್ದೆಯಲ್ಲ, ಅದೇ ಚೀಲ. ಅಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ನನಗೆ ಎಂಟು ವರ್ಷ. ಹೊರಡುವ ಬೆಳಿಗ್ಗೆಯೇ ನನಗೆ ಜ್ವರ ಬಂತು. ನೀನು ಚಪ್ಪಲಿ ಬಿಚ್ಚಿಟ್ಟು, ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಆಮೇಲೆ ಸಮುದ್ರದ ಸುದ್ದಿಯನ್ನೇ ಎತ್ತಲಿಲ್ಲ.

ಚೀಲದ ತಳದಲ್ಲಿ ಒಂದು ಖಾಲಿ ಬಾಟಲಿ ಸಿಕ್ಕಿತು. ಅದರ ಮೇಲೆ ನಿನ್ನ ಅಕ್ಷರದ ಚೀಟಿ ಇನ್ನೂ ಅಂಟಿಕೊಂಡಿದೆ: "ಪುಟ್ಟಂಗೆ ಸಮುದ್ರದ ನೀರು."

ತೊಳೆದು ಅಲ್ಲೇ ಇಟ್ಟಿದ್ದೇನೆ. ತುಂಬಿಸಿಕೊಂಡು ಬಾ. ಶುಕ್ರವಾರ ಬೆಳಿಗ್ಗೆ ಬಸ್ಸು. ಹಾಲು ಉಕ್ಕಲು ಬಿಡುವುದಿಲ್ಲ. ಉಕ್ಕಿದರೆ ಒರೆಸುತ್ತೇನೆ.

ಇಂತಿ ತಮ್ಮ ಪರಮ ವಿಧೇಯ (ಸಾಕ್ಷಿ ಕೇಳಬೇಡ) ತಮ್ಮ,
ಪುಟ್ಟ

ಮರೆತಿದ್ದೆ: ಅವತ್ತು ನನಗೆ ಜ್ವರ ಇರಲಿಲ್ಲ. ಥರ್ಮಾಮೀಟರನ್ನು ಬಿಸಿ ಚಹಾದಲ್ಲಿ ಅದ್ದಿದ್ದೆ. ನೀನೂ ವಾಪಸ್ಸು ಬರದಿದ್ದರೆ ಎಂದು ಹೆದರಿದ್ದೆ. ಕಿವಿ ಹಿಂಡುವುದಿದ್ದರೆ ಬಂದ ಮೇಲೆ ಹಿಂಡು. ಥರ್ಮಾಮೀಟರನ್ನು ನಿನ್ನೆಯೇ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದೇನೆ ಅಕ್ಕ. ನನ್ನ ಮೇಲೆ ನನಗೇ ನಂಬಿಕೆಯಿಲ್ಲ.