ಜೀವಂತವೇ? ಹೌದು / ಇಲ್ಲ

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏಳಲು ಏನೋ ಒಂದು ನೆಪ ಸಿಗುತ್ತಿತ್ತು. ಬೇಜಾರು ಮಾಡಿಕೊಳ್ಳಬೇಡಿ. ಮೊಣಕಾಲು ನೋವು ಹೇಗಿದೆ?

ನಮ್ಮ ಪ್ರಯೋಗಾಲಯಕ್ಕೆ ಹೊಸ ಸಾಫ್ಟ್‌ವೇರ್ ಬಂದಿದೆ. ಫ್ರೀಜರ್‌ನಲ್ಲಿರುವ ಒಂದೊಂದು ಮಾದರಿಯೂ ಯಾರಿಂದ ಬಂತು, ಯಾವ ಕಾಯಿಲೆಯದು, ಯಾರು ಬಳಸಬಹುದು, ಎಲ್ಲವನ್ನೂ ಅದಕ್ಕೆ ಒಪ್ಪಿಸಬೇಕು. ಏನು ತುಂಬಿದರೂ ತಪ್ಪು ಹುಡುಕುತ್ತದೆ. ಅದಕ್ಕೇ ಇಲ್ಲಿಯವರು ಅದನ್ನು ‘ಅತ್ತೆ’ ಎನ್ನುತ್ತಾರೆ. ನಿಮ್ಮಾಣೆ, ಹೆಸರಿಟ್ಟವಳು ನಾನಲ್ಲ!

ಕಳೆದ ವಾರ ನಿಮ್ಮ ಮಗನ ಸರದಿ ಬಂತು. ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆದರೆ ಅವರ ತೋಳಿನಿಂದ ತೆಗೆದ ಸ್ನಾಯುವಿನ ಚೂರಿದ್ದ ಸೀಸೆಗೆ ಆ ಸಂಖ್ಯೆಯ ಚೀಟಿ ಅಂಟಿಸಿದವಳು ನಾನೇ ಅಲ್ಲವೇ? “ನಾನು ಹೋದ್ರೂ ಇದು ನಿನ್ನ ಕಣ್ಣೆದುರಿಗೇ ಇರತ್ತೆ ಬಿಡು” ಎಂದು ಅವರು ನಕ್ಕಿದ್ದರು. ನನಗೆ ನಗು ಬಂದಿರಲಿಲ್ಲ.

‘ದಾನಿ ಜೀವಂತವೇ?’ ಎಂದು ಪರದೆ ಕೇಳಿತು. ‘ಇಲ್ಲ’ ಒತ್ತಿದೆ. ಅದರ ಕೆಳಗೇ ‘ಜೀವಕೋಶಗಳು ಜೀವಂತವೇ?’ ಎಂದಿತ್ತು. ಬೆರಳು ಏಳಲಿಲ್ಲ. ಅವರ ಕೋಶಗಳನ್ನು ಎರಡು ದಿನ ಮೊದಲಷ್ಟೇ ಫ್ರೀಜರ್‌ನಿಂದ ಹೊರತೆಗೆದು ಬೆಳೆಯಲು ಇಟ್ಟಿದ್ದರು. ಎದ್ದು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದು ಎರಡಾಗಿ ಬೆಳೆಯುತ್ತಲೇ ಇವೆ ಅತ್ತೆ, ಯಾವ ಚಿಂತೆಯೂ ಇಲ್ಲದ ಹಾಗೆ. ಹಾಗಾದರೆ ಅವರು ಇದ್ದಾರೋ ಇಲ್ಲವೋ? ಬಂದು ‘ಹೌದು’ ಒತ್ತಿದೆ.

ಆಮೇಲೆ ಇನ್ನೊಂದು ತೊಡಕು. ಈ ಕೋಶಗಳು ಬೇರೆ ಪ್ರಯೋಗಾಲಯಗಳಿಗೂ ಬೇಕಂತೆ. ನಿಮ್ಮ ಮಗ ಸಹಿ ಹಾಕಿದ್ದು ಇಲ್ಲಿಯ ಬಳಕೆಯ ಮಟ್ಟಿಗೆ ಮಾತ್ರ. ಈಗ ಹತ್ತಿರದ ಸಂಬಂಧಿಯೊಬ್ಬರು ತೀರ್ಮಾನ ಹೇಳಬೇಕು. ಯಾರೂ ಏನೂ ಹೇಳದಿದ್ದರೆ ತಿಂಗಳ ಕೊನೆಗೆ ನಾಶಮಾಡಿಬಿಡುತ್ತಾರೆ.

“ನೀನೇ ಇದ್ದೀಯಲ್ಲಮ್ಮ, ತುಂಬಿಬಿಡು” ಎಂದರು ನಮ್ಮ ಮುಖ್ಯಸ್ಥೆ. ಸಂಬಂಧ ಎಂಬಲ್ಲಿ ‘ಹೆಂಡತಿ’ ಎಂದು ಬರೆದೆ, ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ.

“ಏನಾಯ್ತೇ ನಿಂಗೆ?” ಎಂದು ಪಕ್ಕದ ಮೇಜಿನ ಗೆಳತಿ ಕೇಳಿದಳು.

ಕಡೆಗೆ ‘ತಾಯಿ’ ಎಂದು ಬರೆದು ನಿಮ್ಮ ಹೆಸರು, ಫೋನ್ ನಂಬರ್ ಕೊಟ್ಟಿದ್ದೇನೆ. ಇಲ್ಲಿಂದ ಫೋನ್ ಬರುತ್ತದೆ. ಕೊಟ್ಟರೆ ಅದೇ ಕಾಯಿಲೆಯಿರುವ ಇನ್ಯಾರಿಗಾದರೂ ಉಪಯೋಗವಾದೀತು. ಆದರೆ ಅವರನ್ನು ಊರೂರಿಗೆ ಹಂಚಿದ ಹಾಗೂ ಅನಿಸುತ್ತದೆ. ಕೊಡಿ ಎನ್ನಲು ಬಾಯಿ ಬರುತ್ತಿಲ್ಲ, ಬೇಡ ಎನ್ನಲೂ ಬರುತ್ತಿಲ್ಲ. ನೀವು ಹೇಳಿದಂತಾಗಲಿ.

ಮಾತ್ರೆ ತಪ್ಪಿಸಬೇಡಿ. ದೂರದಿಂದಲೇ ಕಾಲಿಗೆ ಬೀಳುತ್ತಿದ್ದೇನೆ, ಹರಸಿ.

ನಿಮ್ಮ ಸೊಸೆ

ತಾ.ಕ.: ತೀರ್ಮಾನವನ್ನು ನೀನೇ ಏಕೆ ಹೇಳಲಿಲ್ಲ ಎಂದು ಕೇಳಿಯೇ ಕೇಳುತ್ತೀರಿ. ನಮ್ಮ ಮೇಲಿನ ಮನೆಯ ಮೇಷ್ಟ್ರ ವಿಷಯ ಹಿಂದೊಮ್ಮೆ ಬರೆದಿದ್ದೆನಲ್ಲ, ಅವರು ಮದುವೆಯಾಗೋಣವೇ ಎಂದು ಕೇಳಿದರು. ಒಪ್ಪಿದ್ದೇನೆ. ಖುಷಿಯೂ ಆಗಿದೆ, ಅದು ಹೇಗೆಂದೇ ನನಗೆ ಅರ್ಥವಾಗುತ್ತಿಲ್ಲ. ಬಯ್ಯಬೇಕೆನಿಸಿದರೆ ಬಯ್ಯಿರಿ ಅತ್ತೆ. ಆದರೆ ಸೊಸೆ ಎಂದೇ ಬಯ್ಯಿರಿ.