ನೋವಲ್ಲ, ಇರುಸುಮುರುಸು

ಅಣ್ಣಾ,

ನಿನ್ನ ಕಾಗದ ಬಂತು. ನರ್ಸಿಂಗ್ ಓದಿ ಬಂದ ನನಗೆ ಈ ಆಸ್ಪತ್ರೆಯಲ್ಲಿ ಮೊದಲು ಕಲಿಸಿದ್ದು ಇಂಗ್ಲಿಷ್. ಇಲ್ಲಿ ಯಾರಿಗೂ ‘ಪೇನ್’ ಆಗುವುದಿಲ್ಲವಂತೆ, ‘ಡಿಸ್ಕಂಫರ್ಟ್’ ಆಗುತ್ತದಂತೆ. ಅಂದರೆ ನೋವಲ್ಲ, ಬರೀ ಇರುಸುಮುರುಸು. ದಿನಾ ಬೆಳಿಗ್ಗೆ ಹೆಡ್ ನರ್ಸ್ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮಗ್ಗಿ ಒಪ್ಪಿಸುವ ಹಾಗೆ ಇದನ್ನು ಹೇಳಿಸುತ್ತಾರೆ. ಕಾಲು ಮುರಿದವನು ಛಾವಣಿ ಹಾರಿಹೋಗುವ ಹಾಗೆ ಕೂಗಿದರೂ ಅವನಿಗೆ ಆಗುತ್ತಿರುವುದು ಇರುಸುಮುರುಸೇ.

ನಿನ್ನೆ ಆ ಮಹಾತಾಯಿಯ ಬೆರಳೇ ಔಷಧಿ ಬೀರುವಿನ ಬಾಗಿಲಿಗೆ ಸಿಕ್ಕಿಕೊಂಡಿತು. "ಅಯ್ಯೋ, ಪೇನ್! ಪೇನ್! ಸತ್ತೆ!" ಎಂದು ವಾರ್ಡಿನ ತುಂಬ ಕುಣಿದರು. ನಾನು ಐಸ್ ತಂದುಕೊಟ್ಟು, ಬಹಳ ವಿನಯದಿಂದ, "ಮೇಡಂ, ಸ್ವಲ್ಪ ಡಿಸ್ಕಂಫರ್ಟ್ ಆಯ್ತಾ?" ಎಂದು ಕೇಳಿದೆ. ಈ ವಾರವೆಲ್ಲ ಬೆಡ್‌ಪ್ಯಾನ್ ತೊಳೆಯುವ ಕೆಲಸ ನನ್ನದೇ. ಅದನ್ನು ಶಿಕ್ಷೆ ಅನ್ನಬಾರದಂತೆ, ‘ಟ್ರೈನಿಂಗ್’ ಅನ್ನಬೇಕಂತೆ.

ನನ್ನ ಆರೋಗ್ಯ ಚೆನ್ನಾಗಿದೆ. ನಾಲಿಗೆಯಂತೂ ಗಟ್ಟಿಮುಟ್ಟಾಗಿದೆ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ. ಆದರೆ ನಿನ್ನ ಕಾಗದದಲ್ಲಿ, "ಅಮ್ಮನಿಗೆ ಎದೆಯಲ್ಲಿ ಒಂಚೂರು ಇರುಸುಮುರುಸು, ಅಷ್ಟೇ, ನೀನು ತಲೆ ಕೆಡಿಸ್ಕೋಬೇಡ" ಎಂದು ಬರೆದಿದ್ದೀಯಲ್ಲ, ಆ ಭಾಷೆಯಲ್ಲಿ ನಾನೀಗ ಪಂಡಿತೆ, ಮಹಾರಾಯ. ಈ ಕಾರ್ಡ್ ಓದಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಎಷ್ಟು ನೋವಿದೆ ಎಂದು ಅವಳ ಬಾಯಿಂದಲೇ ಕೇಳು. ಆಮೇಲೆ ನನಗೆ ನೋವು ಅಂತಲೇ ಬರೆ.

ಜಾಗ ಮುಗಿಯಿತು, ಬೆಡ್‌ಪ್ಯಾನ್‌ಗಳು ಕಾಯುತ್ತಿವೆ.

ನಿನ್ನ ತಂಗಿ